ಹಿತ್ತಲ ಗಲ್ಲಿಗೆ ಎರಡು ಬೆಂಚು, ಒಂದು ನಲ್ಲಿ, ನಾಲ್ಕು ದೀಪ

ನನ್ನದು ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡುವ ಅಂಗಡಿ. ಮೈಸೂರಿನ ಹಳೆಯ ಬಡಾವಣೆಯೊಂದರ ಮೂಲೆಯಲ್ಲಿದೆ. ಹಿಂಬಾಗಿಲು ತೆರೆದರೆ ಕನ್ಸರ್ವೆನ್ಸಿ ಗಲ್ಲಿ, ಎಂದರೆ ಎರಡು ಸಾಲು ಮನೆಗಳ ಬೆನ್ನಿನ ನಡುವಿನ ಓಣಿ. ಇಪ್ಪತ್ತೆರಡು ವರ್ಷಗಳಲ್ಲಿ ಆ ಬಾಗಿಲನ್ನು ನಾನು ತೆರೆದದ್ದು ಸವೆದ ಕಟಿಂಗ್ ಚಕ್ರ ಮತ್ತು ವೆಲ್ಡಿಂಗ್ ಕಿಟ್ಟ ಎಸೆಯುವುದಕ್ಕೆ ಮಾತ್ರ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಕಳೆದ ವರ್ಷ ಹನ್ನೊಂದು ಮಂದಿ ಹುಡುಗ ಹುಡುಗಿಯರ ಜೊತೆ ಸೇರಿ ಆ ಗಲ್ಲಿಯನ್ನು ಸರಿಮಾಡಿ, ಕೆಡಿಸಿ, ಮತ್ತೆ ಸರಿಮಾಡಿದೆವು. ಎಸ್ಟಿಮೇಟ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಆಗಾಗ ಗೀಚಿಟ್ಟದ್ದನ್ನು ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ.

ಜಾಗದ ವಿವರ

ಉದ್ದ 62 ಮೀಟರ್, ಅಗಲ 3.1 ಮೀಟರ್. ಎರಡೂ ಕಡೆ ಮನೆಗಳ ಹಿತ್ತಲ ಗೋಡೆ. ಒಂದು ತುದಿಯಲ್ಲಿ ಎಳನೀರಿನ ಗಾಡಿ, ಇನ್ನೊಂದು ತುದಿಯಲ್ಲಿ ಎಲ್ಲರೂ ಕಸ ಸುರಿಯುವ ಮೂಲೆ. ನಡುವೆ ಮಹಿಳಾ ಹಾಸ್ಟೆಲೊಂದರ ಹಿಂಬದಿ. ನಾಲ್ಕು ಮ್ಯಾನ್‌ಹೋಲ್. ಗಲ್ಲಿಯ ಬಾಯಲ್ಲಿ 15 ಸೆಂಟಿಮೀಟರ್ ಎತ್ತರದ ಕಲ್ಲಿನ ಅಂಚು.

ಇಂಥ ಗಲ್ಲಿಗಳು ಹೇಗೆ ಬಂದವು ಎನ್ನುವುದು ನಮ್ಮ ಕಡೆ ಹಿರಿಯರಿಗೆ ಗೊತ್ತು, ಹೇಳುವುದು ಕಡಿಮೆ. 1898ರಲ್ಲಿ ಪ್ಲೇಗ್ ಬಡಿದ ಮೇಲೆ ಇಕ್ಕಟ್ಟಿನ ಊರನ್ನು ಬಿಡಿಸಿ ಹೊಸ ಬಡಾವಣೆ ಮಾಡುವ ಕೆಲಸಕ್ಕೆ ಬಿರುಸು ಬಂತು. 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಅಂದರೆ ಊರನ್ನು ಸುಧಾರಿಸುವ ಮಂಡಳಿ, ಬಂತು. ಮನೆಗಳ ಎರಡು ಸಾಲಿನ ಬೆನ್ನಿಗೆ ಒಂದು ಗಲ್ಲಿ ಬಿಡುವುದು ಆಗಿನ ಪದ್ಧತಿ. ಒಣ ಪಾಯಿಖಾನೆಯ ಕಾಲ ಅದು. ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದ ಮನುಷ್ಯರು ಮುಂಬಾಗಿಲ ಬೀದಿಯಲ್ಲಿ ಕಾಣಬಾರದಿತ್ತು. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ಕೆಲಸ ನಿಂತ ಮೇಲೂ ಗಲ್ಲಿ ಉಳಿಯಿತು. ಊರಿನ ನಕ್ಷೆಯಲ್ಲಿ ಅದು ರಸ್ತೆ, ನಮ್ಮ ತಲೆಯಲ್ಲಿ ಹಿತ್ತಲು.

ಜನವರಿ: ಸೆಲ್ಫಿ ಫ್ರೇಮಿನ ಆರ್ಡರ್

ನಾಲ್ವರು ಬಂದು ಕೇಳಿದ್ದು ಒಂದು ಸೆಲ್ಫಿ ಚೌಕಟ್ಟು. ಏಳು ಅಡಿ ಎತ್ತರ, ಮೇಲೆ ಕೆಂಪು ಹೃದಯ. ಗಲ್ಲಿಯ ಗೋಡೆಗಳಿಗೆ ಚಿತ್ರ ಬರೆಯುವ ಯೋಜನೆ ಅವರದು; ಬಣ್ಣದ ಡಬ್ಬಿ ಕೊಡಿಸಲು ಯಾರೋ ಒಪ್ಪಿದ್ದರಂತೆ. 20 ಗೇಜಿನ ತಗಡು, ಒಂದಿಂಚಿನ ಚೌಕ ಪೈಪು ಎಂದು ನಾನು ಲೆಕ್ಕ ಹಾಕತೊಡಗಿದೆ. ಅಷ್ಟರಲ್ಲಿ ನಗರ ಯೋಜನೆ ಓದುತ್ತಿದ್ದ ಹುಡುಗಿಯೊಬ್ಬಳು, "ಸರ್, ನಾವೂ ಅಲಂಕಾರದ ಮೆಟ್ಟಿಲಲ್ಲೇ ನಿಂತುಬಿಡುತ್ತೇವೇನೋ ಅನ್ನಿಸುತ್ತದೆ" ಎಂದಳು. ಉಳಿದ ಮೂವರೂ ಅವಳನ್ನು ದುರುಗುಟ್ಟಿ ನೋಡಿದರು. ಈ ಜಗಳ ದಾರಿಯಲ್ಲೇ ಆಗಿತ್ತೆಂದು ತೋರುತ್ತದೆ.

ಅವಳು ಹೇಳಿದ ಏಣಿಯ ಕಥೆ ಹೀಗೆ. ಷೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಮಹಿಳೆ 1969ರಲ್ಲಿ, ಊರಿನ ಯೋಜನೆಗಳಲ್ಲಿ ಜನರಿಗೆ ನಿಜಕ್ಕೂ ಎಷ್ಟು ಪಾಲು ಸಿಗುತ್ತದೆಂದು ಅಳೆಯುವುದಕ್ಕೆ ಎಂಟು ಮೆಟ್ಟಿಲಿನ ಒಂದು ಏಣಿಯನ್ನು ಕಲ್ಪಿಸಿದರು. 1992ರಲ್ಲಿ ಯುನಿಸೆಫ್‌ಗಾಗಿ ಬರೆಯುವಾಗ ರೋಜರ್ ಹಾರ್ಟ್ ಅದನ್ನು ಮಕ್ಕಳಿಗೂ ಎಳೆಯರಿಗೂ ಹೊಂದಿಸಿದರು. ತೀರ ಕೆಳಗಿನ ಮೆಟ್ಟಿಲು ಎಳೆಯರನ್ನು ಬಳಸಿಕೊಳ್ಳುವುದು, ಎರಡನೆಯದು ಅಲಂಕಾರ, ಮೂರನೆಯದು ನೆಪಕ್ಕೆ ಸೇರಿಸಿಕೊಳ್ಳುವುದು. ಈ ಮೂರನ್ನೂ ಹಾರ್ಟ್ ಪಾಲ್ಗೊಳ್ಳುವಿಕೆ ಎಂದು ಒಪ್ಪುವುದಿಲ್ಲ. ನನಗೆ ಹಿಡಿಸಿದ್ದು ಎಂಟನೆಯ ಮೆಟ್ಟಿಲು: ಕೆಲಸ ಶುರುಮಾಡುವವರು ಎಳೆಯರು, ತೀರ್ಮಾನ ಮಾತ್ರ ದೊಡ್ಡವರ ಜೊತೆ ಕೂತು. ಎಳೆಯರೇ ಎಲ್ಲವನ್ನೂ ನಡೆಸುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ.

ನನ್ನ ಅಂಗಡಿಯ ಏಣಿಗೂ ಎಂಟೇ ಮೆಟ್ಟಿಲು. ಎರಡನೆಯದರ ವೆಲ್ಡಿಂಗ್ ಬಿಟ್ಟು ಎಷ್ಟೋ ಕಾಲವಾಗಿತ್ತು. ಚೌಕಟ್ಟಿನ ಆರ್ಡರ್ ಅಲ್ಲಿಗೇ ನಿಂತಿತು. ಐದು ಸಾವಿರ ರೂಪಾಯಿಯ ಕೆಲಸ ಹೋಯಿತೆಂದು ಆ ಸಂಜೆ ಸ್ವಲ್ಪ ಬೇಸರವಾದದ್ದು ನಿಜ.

ಈ ಹನ್ನೊಂದು ಜನರ ಪೈಕಿ ಎಲ್ಲರಿಗೂ ಹದಿನೆಂಟು ದಾಟಿತ್ತು, ಮತದಾರರ ಚೀಟಿ ಇತ್ತು. ಆದರೆ ಹೆಚ್ಚಿನ ಚೀಟಿಗಳು ಹಾಸನದಲ್ಲಿ, ಚಾಮರಾಜನಗರದಲ್ಲಿ, ಕೊಡಗಿನಲ್ಲಿ. ಇಪ್ಪತ್ತೊಂದು ತುಂಬಿದವರು ಪಾಲಿಕೆಯ ಚುನಾವಣೆಗೇ ನಿಲ್ಲಬಹುದೆಂದು ಸಂವಿಧಾನ ಹೇಳುತ್ತದೆ. ಮೂರು ವರ್ಷ ದಿನಕ್ಕೆರಡು ಸಲ ನಡೆಯುವ ಗಲ್ಲಿಯ ಬಗ್ಗೆ ಮಾತ್ರ ಇವರನ್ನು ಯಾರೂ ಕೇಳುವುದಿಲ್ಲ. ಇವರು ಇಲ್ಲಿನ ಮತದಾರರಲ್ಲ, ತೆರಿಗೆ ಕಟ್ಟುವವರಲ್ಲ, ಬಾಡಿಗೆ ಕರಾರೂ ಹಾಸ್ಟೆಲಿನ ಹೆಸರಿನಲ್ಲಿದೆ.

ಫೆಬ್ರವರಿ: ಎಣಿಕೆ

ನಾನು ಹಾಕಿದ ಷರತ್ತು ಒಂದೇ. ಅಳತೆ ತಾರದೆ ಯಾರೂ ನನ್ನಲ್ಲಿ ಡಿಸೈನು ಮಾತಾಡಬಾರದು. ಗಿರಾಕಿಗಳಿಗೂ ಇದೇ ಹೇಳುತ್ತೇನೆ, ಅವರು ಕೇಳುವುದಿಲ್ಲ. ಇವರು ಕೇಳಿದರು.

ಒಂದು ಮಂಗಳವಾರ, ಒಂದು ಭಾನುವಾರ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಇಬ್ಬಿಬ್ಬರು ಪಾಳಿಯಲ್ಲಿ ಕೂತರು. ಯಾರು ದಾಟಿದರು, ಯಾವ ಕಡೆಗೆ, ಯಾರು ನಿಂತರು, ಎಷ್ಟು ಹೊತ್ತು. ಮಂಗಳವಾರ ದಾಟಿದವರು 386, ನಿಂತವರು 29. ಆ 29ರಲ್ಲಿ 14 ಮಂದಿ ಪೌರಕಾರ್ಮಿಕರು. ಬೆಳಗಿನ ಸುತ್ತು ಮುಗಿಸಿ ಹತ್ತರ ಹೊತ್ತಿಗೆ ಬಂದು, ಮನೆಗಳ ಹಿಂಬಾಗಿಲ ಹೊಸ್ತಿಲುಗಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ನನ್ನ ಹೊಸ್ತಿಲ ಮೇಲೂ ಇಬ್ಬರು. ಬಾಗಿಲು ತೆರೆಯದ ನನಗೆ ಇದು ಗೊತ್ತೇ ಇರಲಿಲ್ಲ.

ಎಣಿಕೆಯ ಹಾಳೆ ಹಿಡಿದ ಹುಡುಗಿ ಒಬ್ಬಾಕೆಯ ಬಳಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು, "ಅಕ್ಕಾ, ಇಲ್ಲಿ ಏನಾದರೂ ಮಾಡಬೇಕು ಎಂದುಕೊಂಡಿದ್ದೇವೆ. ನಿಮಗೆ ಏನಿದ್ದರೆ ಅನುಕೂಲ?"

ಆಕೆ ಅನ್ನದ ಡಬ್ಬಿಯ ಮುಚ್ಚಳವನ್ನು ಮೊಣಕೈಯಿಂದ ಒತ್ತಿ ಹಿಡಿದಿದ್ದರು. ಬೆರಳು ತಾಗಿಸದೆ ಮುಚ್ಚಳ ತೆಗೆಯುವ ಅಭ್ಯಾಸ. "ಊಟಕ್ಕೆ ಮುಂಚೆ ಕೈ ತೊಳೆಯುವುದಕ್ಕೆ ಒಂದು ನಲ್ಲಿ ಹಾಕಿಸು ಮಗಳೇ. ಬಣ್ಣ ಆಮೇಲೆ ಬಳಿಯಿರಿ."

ಆ ದಿನದಿಂದ ಗೋಡೆಯ ಚಿತ್ರದ ಮಾತು ತಾನಾಗಿ ಕಡಿಮೆಯಾಯಿತು.

ರಾತ್ರಿ ಎಂಟೂವರೆಗೆ ಹಾಸ್ಟೆಲಿನ ಐವರ ಜೊತೆ ಗಲ್ಲಿಯಲ್ಲಿ ನಡೆದೆ. ನನ್ನ ಲೆಕ್ಕದಲ್ಲಿ ಪರಿಹಾರ ಸರಳ: ನಡುವೆ ಒಂದು 100 ವ್ಯಾಟ್ ಫ್ಲಡ್ ಲೈಟ್. ಅವರು ಒಪ್ಪಲಿಲ್ಲ. ಒಬ್ಬಳು ಮೊಬೈಲಿನ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು, "ಈಗ ನನ್ನ ಹಿಂದೆ ಎಷ್ಟು ಜನ ಇದ್ದಾರೆ ಹೇಳಿ ಸರ್" ಎಂದಳು. ಹೇಳಲಾಗಲಿಲ್ಲ. ಕಣ್ಣಿಗೆ ಹೊಡೆಯುವ ಒಂದೇ ದೀಪ ಅದರಾಚೆಗಿನ ಕತ್ತಲನ್ನು ಇನ್ನಷ್ಟು ದಟ್ಟ ಮಾಡುತ್ತದೆ. ಎದುರಿಗೆ ಬರುವವರ ಮುಖ ಇಪ್ಪತ್ತು ಹೆಜ್ಜೆ ದೂರದಿಂದ ಕಾಣಬೇಕು, ಅವರಿಗೆ ಬೇಕಾದದ್ದು ಅಷ್ಟೆ. ಅದಕ್ಕೆ ಸಣ್ಣ ದೀಪಗಳು, ಹತ್ತಿರ ಹತ್ತಿರ, ಹೆಚ್ಚು ಎತ್ತರವಿಲ್ಲದೆ. ಬೆಳಕು ಅಳೆಯುವ ಮೊಬೈಲ್ ಆ್ಯಪಿನ ಅಂಕಿ ಪಕ್ಕಾ ಇರುವುದಿಲ್ಲ, ಹೋಲಿಕೆಗೆ ಸಾಕು: ಬೀದಿಕಂಬದ ಕೆಳಗೆ 18 ಲಕ್ಸ್ (ಬೆಳಕಿನ ಅಳತೆ), ಗಲ್ಲಿಯ ನಡುವೆ ಸೊನ್ನೆ.

ಮಾರ್ಚ್: ರಂಗೋಲಿ ಪುಡಿಯ ನಕ್ಷೆ

ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಮನೆಮನೆಗೆ ತೋರಿಸಿದಾಗ ಎಲ್ಲರೂ "ಚೆನ್ನಾಗಿದೆ" ಎಂದರು. ಚೆನ್ನಾಗಿದೆ ಎಂದರೆ ನೋಡಿಲ್ಲ ಎಂದು ಅರ್ಥ. ಗ್ರಿಲ್ಲಿನ ಡಿಸೈನು ತೋರಿಸುವಾಗ ನನಗೂ ಇದೇ ಅನುಭವ. ಆಗ ಡಿಪ್ಲೊಮಾ ಹುಡುಗನೊಬ್ಬ ಎರಡು ಕೆ.ಜಿ. ರಂಗೋಲಿ ಪುಡಿ ತಂದ. ಶನಿವಾರ ಬೆಳಿಗ್ಗೆ ಬೆಂಚು, ನಲ್ಲಿ, ಇಳಿಜಾರು ಎಲ್ಲವನ್ನೂ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಬರೆದರು. ಬೆಂಚಿನ ಜಾಗದಲ್ಲಿ ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ಇಟ್ಟರು.

ಹತ್ತು ನಿಮಿಷದಲ್ಲಿ ಹಿಂಬಾಗಿಲುಗಳು ತೆರೆದವು. ಮೂರನೆಯ ಮನೆಯ ಅಜ್ಜಿ ಸೀದಾ ಬಂದು ಒಂದು ಬೆಂಚನ್ನು ಕಾಲಿನಿಂದ ಅಳಿಸಿದರು. "ಇಲ್ಲಿ ಕೂತರೆ ನನ್ನ ಸಿಲಿಂಡರು ಯಾವ ಕಡೆಯಿಂದ ಬರಬೇಕು?" ಸರಿಯಾದ ಮಾತು. ಬೆಂಚು ಒಂದೂವರೆ ಮೀಟರ್ ಸರಿಯಿತು. ಅಲ್ಲಿ ಮ್ಯಾನ್‌ಹೋಲ್. ಮತ್ತೆ ಸರಿಯಿತು. ಪಾದಚಾರಿ ದಾರಿಗೆ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ತೆರವು ಎಲ್ಲೂ ಕಡಿಮೆಯಾಗದಂತೆ ಒಬ್ಬಳು ಟೇಪು ಹಿಡಿದು ಹಿಂದೆಯೇ ಓಡಾಡುತ್ತಿದ್ದಳು. ಆ ಒಂದು ಬೆಳಿಗ್ಗೆ ಜನ ಕೊಟ್ಟಷ್ಟು ಸಲಹೆ, ಒಂದು ತಿಂಗಳ ಮನೆಭೇಟಿಯಲ್ಲಿ ಬಂದಿರಲಿಲ್ಲ. ಕಾಗದದ ಮೇಲಿನ ಗೆರೆಗೆ ಯಾರೂ ಎದುರಾಡುವುದಿಲ್ಲ. ಹೊಸ್ತಿಲ ಮುಂದಿನ ರಂಗೋಲಿ ಗೆರೆ ಹೆಂಗಸರಿಗೆ ತಮ್ಮದೇ.

ನಲ್ಲಿಯ ಗುರುತನ್ನು ನಡುಗಲ್ಲಿಯಲ್ಲಿ, ಹಾಸ್ಟೆಲಿನ ಗೋಡೆಗೆ ಹಾಕಿದ್ದರು. ಮಾರನೆಯ ಬೆಳಿಗ್ಗೆ ನೋಡಿದರೆ ಉಳಿದೆಲ್ಲ ಗೆರೆಗಳೂ ಇದ್ದವು, ನಲ್ಲಿಯದು ಮಾತ್ರ ನೀರು ಸುರಿದು ತೊಳೆದುಹೋಗಿತ್ತು. ಯಾರೋ ಕಸದ ಮೂಲೆಯ ಪಕ್ಕ ಇಟ್ಟಿಗೆ ಚೂರಿನಿಂದ ಒಂದು ಸುತ್ತು ಬರೆದು 'ಇಲ್ಲಿ' ಎಂದು ಬರೆದಿದ್ದರು. ಯಾರೂ ಏನೂ ಮಾತಾಡಲಿಲ್ಲ. ಈ ಗಲ್ಲಿ ಯಾಕೆ ಹುಟ್ಟಿತೆಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಆ ಹೊತ್ತು ಎಲ್ಲರೂ ನೆನೆಸಿಕೊಂಡಿರಬೇಕು. ಎಣಿಕೆಯ ಹಾಳೆಯ ಹುಡುಗಿ ಪುಡಿಯ ಚೀಲ ತಂದು, ಮೊದಲಿದ್ದ ಜಾಗದಲ್ಲೇ ಮತ್ತೆ ಬರೆದಳು, ಈ ಸಲ ಗೆರೆ ಎರಡು ಪಟ್ಟು ದಪ್ಪ. ಮೂರು ದಿನ ಇದೇ ನಡೆಯಿತು. ನಾಲ್ಕನೆಯ ದಿನ ಯಾರೂ ಅಳಿಸಲಿಲ್ಲ.

ಪಾಲಿಕೆಯಿಂದ ಅನುಮತಿ ಪತ್ರ ಬಂತು. ಷರತ್ತುಗಳು ನ್ಯಾಯವಾಗಿದ್ದವು: ಮ್ಯಾನ್‌ಹೋಲ್ ಮುಚ್ಚಬಾರದು, ಜಾಹೀರಾತು ಹಾಕಬಾರದು, ಕೇಳಿದರೆ ತೆಗೆಯಬೇಕು.

ಹಣ

ಒಟ್ಟು ಸೇರಿದ್ದು 61,340 ರೂಪಾಯಿ. ಹನ್ನೊಂದು ಜನ ತಲಾ ಒಂದು ಸಾವಿರ ಹಾಕಿದರು, ಉಳಿದದ್ದು ಮನೆಗಳಿಂದ, ಹಾಸ್ಟೆಲಿನ ಮಾಲೀಕರಿಂದ, ಎಳನೀರಿನವರಿಂದ. ಲೆಕ್ಕ ನೋಡಿಕೊಳ್ಳುತ್ತೇನೆ ಎಂದು ನಾನೇ ಮುಂದಾದೆ. ಬೇಡ, ನಾವೇ ನೋಡುತ್ತೇವೆ ಎಂದರು. ಬಿ.ಕಾಂ. ಹುಡುಗಿ ಪ್ರತಿ ಶನಿವಾರ ಖರ್ಚಿನ ಹಾಳೆಯನ್ನು ನನ್ನ ಹಿಂಬಾಗಿಲಿಗೇ ಅಂಟಿಸುತ್ತಿದ್ದಳು. ಎರಡನೆಯ ವಾರ ವೆಲ್ಡಿಂಗ್ ರಾಡಿನ ಪೊಟ್ಟಣಕ್ಕೆ ಬಿಲ್ಲು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ರಾಡಿನ ಬಿಲ್ಲು ಕೇಳಿದವರಿಲ್ಲ. ಹುಡುಕಿ ಕೊಟ್ಟೆ.

ಏಪ್ರಿಲ್: ಕೆಲಸ, ಮತ್ತು ಒಡೆದ ಪೈಪು

ಇಳಿಜಾರು ಮೊದಲು. ಏರು 15 ಸೆಂಟಿಮೀಟರ್. ಗಾಲಿಕುರ್ಚಿಗೆ ಏರು ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕ, ಆದ್ದರಿಂದ ಉದ್ದ 1.8 ಮೀಟರ್. ಸಿಮೆಂಟು, ಮರಳು, ಜಲ್ಲಿ 1:2:4ರ ಕಾಂಕ್ರೀಟು. ಹುಡುಗರು ಕರಣೆಯಿಂದ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ನುಣುಪು ಮಾಡಿದ್ದರು. ಗಾರೆ ಕೆಲಸದವರು ಬಂದು ನೋಡಿ, ಏನೂ ಹೇಳದೆ, ಒಂದು ತೆಂಗಿನಗರಿ ಪೊರಕೆ ತೆಗೆದುಕೊಂಡು ಅಡ್ಡಡ್ಡಲಾಗಿ ಎಳೆದರು. ಮಳೆಗಾಲದಲ್ಲಿ ಜಾರದಿರಲು ಆ ಒರಟು ಬೇಕು. ಹುಡುಗರ ಮುಖ ಸಪ್ಪಗಾಯಿತು. ಈ ಇಳಿಜಾರು ಎಲ್ಲರಿಗಿಂತ ಹೆಚ್ಚು ಬಳಕೆಯಾಗಿರುವುದು ಪೌರಕಾರ್ಮಿಕರ ತಳ್ಳುಗಾಡಿಗೆ.

ಬೆಂಚಿಗೆ ಅವರು ಆರಿಸಿದ್ದು ಪ್ಯಾಲೆಟ್ ಮರ. ಸರಕು ಸಾಗಿಸುವ ಪೈನ್ ಹಲಗೆ. ಅಗ್ಗ, ಫೋಟೋದಲ್ಲಿ ಚೆಂದ. ನಾನು 40 ಮಿ.ಮೀ. ಚೌಕ ಪೈಪಿನ ಕಾಲು ಮಾಡಿಕೊಟ್ಟೆ. ಕಾಲು ಹೂಳುವುದಕ್ಕೆ ಒಂದೂವರೆ ಅಡಿ ಗುಂಡಿ. ಎರಡನೆಯ ಗುಂಡಿಯಲ್ಲಿ ಗಡಾರಿ 'ಟಣ್' ಎನ್ನದೆ 'ಪಚ್' ಎಂದಿತು. ಆಮೇಲೆ ವಾಸನೆ ಬಂತು.

ಹಳೆಯ ಮನೆಗಳಿಂದ ಮುಖ್ಯ ಚರಂಡಿಗೆ ಬರುವ ನಾಲ್ಕಿಂಚಿನ ಸ್ಟೋನ್‌ವೇರ್ ಪೈಪು ಅದು, ಮಣ್ಣು ಸುಟ್ಟು ಮೆರುಗು ಹಾಕಿದ್ದು. ಮ್ಯಾನ್‌ಹೋಲಿನಿಂದ ದೂರ ಇದ್ದರೆ ಸಾಕು ಎಂದುಕೊಂಡಿದ್ದೆವು. ಮನೆಯಿಂದ ಬರುವ ಕವಲುಗಳನ್ನು ಯಾರೂ ಯೋಚಿಸಿರಲಿಲ್ಲ. ತಪ್ಪು ನನ್ನದು, ಗಡಾರಿಯೂ ನನ್ನ ಕೈಯಲ್ಲೇ ಇತ್ತು. ಅನುಭವಸ್ಥ ಪ್ಲಂಬರ್ ಬಂದು ಒಡೆದ ತುಂಡು ತೆಗೆದು, 110 ಮಿ.ಮೀ. ಪಿವಿಸಿ ತುಂಡು ಕೂರಿಸಿ, ಎರಡೂ ತುದಿಗೆ ಸಿಮೆಂಟು ಕಟ್ಟಿದರು. ಒಂದು ದಿನ, 3,200 ರೂಪಾಯಿ, ಆ ಮನೆಯವರಿಗೆ ಸಂಜೆಯವರೆಗೆ ಬಚ್ಚಲು ಬಂದ್. ಖರ್ಚಿನ ಹಾಳೆಯಲ್ಲಿ ಆ ವಾರ ಒಂದು ಸಾಲು: 'ಪೈಪು ಒಡೆದದ್ದು (ಸರ್)'. ಮನೆಗೆ ಹೋಗುವವರೆಲ್ಲ ಓದಿಕೊಂಡು ಹೋದರು. ಮತ್ತೆ ಗುಂಡಿ ತೋಡಲಿಲ್ಲ. ಕಾಲುಗಳಿಗೆ ಅಗಲ ತಗಡು ಬೆಸೆದು ನೆಲದ ಮೇಲೇ ಬೋಲ್ಟ್ ಹಾಕಿದೆವು.

ದೀಪಗಳು ಬೇಗ ಆದವು. ಗೋಡೆಗೆ ಕೂರಿಸುವ 9 ವ್ಯಾಟಿನ ನಾಲ್ಕು ಬಲ್ಕ್‌ಹೆಡ್ ದೀಪ, ಮೂರು ಮೀಟರ್ ಎತ್ತರ, ಸಂಜೆಯಾದರೆ ತಾನೇ ಹೊತ್ತುವ ಸೆನ್ಸರ್. ಒಂದೊಂದಕ್ಕೆ ಒಂದೊಂದು ಮನೆಯಿಂದ ವಿದ್ಯುತ್ತು. ಮನೆಯವರು ಹಿಂಜರಿದಾಗ ಹುಡುಗಿಯರು ಕಾಗದದಲ್ಲಿ ಲೆಕ್ಕ ಬರೆದು ತೋರಿಸಿದರು: ರಾತ್ರಿ ಹನ್ನೊಂದು ಗಂಟೆ ಉರಿದರೂ ತಿಂಗಳಿಗೆ ಮೂರು ಯೂನಿಟ್. ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿದೆವು, ಅದರಲ್ಲಿ ಉಳಿತಾಯ ಮಾಡಬಾರದು.

ನಲ್ಲಿ, ಒತ್ತಿದರೆ ಬಂದು ತಾನೇ ನಿಲ್ಲುವಂಥದ್ದು. ನೀರು ಹಾಸ್ಟೆಲಿನ ಟ್ಯಾಂಕಿನದು. ಕೆಳಗೆ ಎಲ್ಲಿಂದಲೋ ಸಿಕ್ಕ ಹಳೆಯ ಬಟ್ಟೆ ಒಗೆಯುವ ಕಲ್ಲು. ಪಕ್ಕದ ಗೋಡೆಗೆ ಡಬ್ಬಿ, ಚೀಲ ನೇತುಹಾಕಲು ಆರು ಕೊಕ್ಕೆ. ಯೋಜನೆಯಲ್ಲಿರಲಿಲ್ಲ, ಅಂಗಡಿಯಲ್ಲಿ ಉಳಿದ 8 ಮಿ.ಮೀ. ಸಲಾಕೆಯಿಂದ ಬಾಗಿಸಿದೆ.

ಮೇ

ಪರೀಕ್ಷೆ. ಹನ್ನೊಂದರಲ್ಲಿ ಆರು ಜನ ಊರಿಗೆ ಹೋದರು, ಮೈಸೂರಿಗೆ ಮತ್ತೆ ಬರುವುದಿಲ್ಲ. ಬಿ.ಕಾಂ. ಹುಡುಗಿ ಲೆಕ್ಕದ ಪುಸ್ತಕವನ್ನು ಕೊಟ್ಟದ್ದು ನನಗಲ್ಲ, ಹಾಸ್ಟೆಲಿನ ಮೊದಲ ವರ್ಷದವಳೊಬ್ಬಳಿಗೆ. ಹೋಗುವ ಮುಂಚೆ ಎಳನೀರು ಕುಡಿಸಿದೆ. ಅದಕ್ಕೂ ಬಿಲ್ಲು ಬೇಕೇ ಎಂದು ಕೇಳಿದ್ದಕ್ಕೆ ನಕ್ಕಳು.

ಜೂನ್, ಜುಲೈ: ರಿಪೇರಿ

ಮೂರು ವಾರ ಮಳೆ ಬಿದ್ದದ್ದೇ ಪ್ಯಾಲೆಟ್ ಹಲಗೆ ಉಬ್ಬಿ, ಮೊಳೆಗಳು ತಲೆ ಎತ್ತಿದವು. ಒಬ್ಬರ ಸೀರೆ ಹರಿಯಿತು. ಮರ ಬೇಡ ಎಂದು ಏಪ್ರಿಲಿನಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಎಂಟನೆಯ ಮೆಟ್ಟಿಲೆಂದರೆ ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕೆಂದು ನಾನೇ ತಪ್ಪು ತಿಳಿದಿದ್ದೆ. ಅಲ್ಲಿ ಜೊತೆಗೂಡಿ ತೀರ್ಮಾನಿಸುವ ಮಾತಿದೆ. ನನಗೆ ಗೊತ್ತಿದ್ದ ವಿಷಯವನ್ನು ನುಂಗಿಕೊಂಡು ಅವರಿಗೆ ಉಪಕಾರ ಮಾಡಿದ ಹಾಗೆ ಆಗಲಿಲ್ಲ.

ಎರಡು ಬೀದಿಯಾಚೆ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಅಲ್ಲಿನ ಚಪ್ಪಡಿ ಕಲ್ಲು ಎರಡು ಸಿಕ್ಕವು: ಐದಡಿ ಉದ್ದ, ಒಂದೂವರೆ ಅಡಿ ಅಗಲ, ಮೂರಿಂಚು ದಪ್ಪ. ಒಂದೊಂದು ಸುಮಾರು 140 ಕೆ.ಜಿ. ತೂಗುತ್ತದೆ. ಕಲ್ಲಿನ ತೂಕವೇ ಅದರ ಬುನಾದಿ, ಗುಂಡಿ ಬೇಡ.

ಎತ್ತರವೆಷ್ಟು ಎಂದು ಚರ್ಚೆಯಾಯಿತು. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆಂದು ನೋಡಿದ ವಿಲಿಯಂ ವೈಟ್, ಒಂದಡಿಯಿಂದ ಮೂರಡಿಯವರೆಗಿನ ಯಾವ ಎತ್ತರವಾದರೂ ಜನ ಕೂರುತ್ತಾರೆ ಎಂದು ಕಂಡುಕೊಂಡಿದ್ದರೆಂದು ಯೋಜನೆಯ ಹುಡುಗಿ ಹೇಳಿದಳು. ಅಜ್ಜಿಯ ಮಂಡಿ ಒಪ್ಪುವುದಿಲ್ಲ ಎಂದೆ. ಟೇಪು ಹಿಡಿದು ಕೆಡವುತ್ತಿದ್ದ ಆ ಮನೆಯ ಜಗಲಿಯನ್ನೇ ಅಳೆದೆವು: ಹದಿನೇಳು ಇಂಚು. ಒಂದು ಬೆಂಚು ಅಷ್ಟಕ್ಕೆ. ಇನ್ನೊಂದನ್ನು, ಅಜ್ಜಿಯನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಎಬ್ಬಿಸಿ, ಮತ್ತೊಂದು ಇಟ್ಟಿಗೆ ಇಟ್ಟು ಕೂರಿಸಿ ನೋಡಿ, ಹತ್ತೊಂಬತ್ತಕ್ಕೆ ನಿಲ್ಲಿಸಿದೆವು. ಕೈ ಊರದೆ ಏಳಲು ಅವರಿಗೆ ಆ ಎರಡಿಂಚು ಬೇಕಿತ್ತು.

ಚಪ್ಪಡಿ ಸಾಗಿಸಲು ಒಂದೂವರೆ ಇಂಚಿನ ನಾಲ್ಕು ಪೈಪು ಅಡಿಗೆ ಹಾಕಿ ಉರುಳಿಸಿದೆವು. ಹಿಂದೆ ಬಿಟ್ಟ ಪೈಪನ್ನು ಮುಂದಕ್ಕೆ ತಂದು ಕೊಡುವುದು ಒಬ್ಬನ ಕೆಲಸ. ಅಂಚುಗಳನ್ನು ನೀರು ಹನಿಸುತ್ತ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಡೈಮಂಡ್ ಚಕ್ರದಿಂದ ಉರುಟು ಮಾಡಿದೆ. ಎರಡು ಸೈಜುಗಲ್ಲು, ಮೇಲೆ ಗಾರೆ, ಅದರ ಮೇಲೆ ಚಪ್ಪಡಿ, ರಸಮಟ್ಟ. ಮಳೆನೀರು ನಿಲ್ಲದಿರಲು ಮುಂದಕ್ಕೆ ಒಂದು ಕೂದಲೆಳೆ ಇಳಿಜಾರು.

ಕಸದ ಮೂಲೆ ಅರ್ಧ ಮಾತ್ರ ಹೋಗಿದೆ. ಬೆಳಿಗ್ಗೆ ಕಸ ಸುರಿಯುತ್ತಿದ್ದವರು ಈಗ ರಾತ್ರಿ ಸುರಿಯುತ್ತಾರೆ, ದೀಪ ಹತ್ತಿದ ಮೇಲೂ.

ಮತ್ತೆ ಜನವರಿ

ನಲ್ಲಿಯ ವಾಷರ್ ಎರಡನೆಯ ಸಲ ಬದಲಾಯಿತು. ಮೂರನೆಯ ದೀಪದ ಸೆನ್ಸರ್ ಕೆಟ್ಟು ಹಗಲೂ ಉರಿಯುತ್ತಿತ್ತು, ಹೊಸದು ಹಾಕಿಸಿದೆವು.

ಮೊನ್ನೆ ಶನಿವಾರ ಹೊಸ ಹುಡುಗಿಯರು ನಾಲ್ವರು ಬಂದರು, ಲೆಕ್ಕದ ಪುಸ್ತಕ ಅವರ ಕೈಯಲ್ಲಿತ್ತು. ಹದಿನೇಳು ಇಂಚಿನ ಬೆಂಚನ್ನು ಎಳನೀರಿನ ಗಾಡಿಯ ಕಡೆಗೆ ಹತ್ತು ಮೀಟರ್ ಸರಿಸಬೇಕಂತೆ. ಮಧ್ಯಾಹ್ನ ಅದು ಪೂರ್ತಿ ಬಿಸಿಲಿನಲ್ಲಿರುತ್ತದೆ, ಹನ್ನೆರಡರಿಂದ ಮೂರರವರೆಗೆ ಒಬ್ಬರೂ ಕೂತಿಲ್ಲ, ಎಣಿಸಿದ್ದೇವೆ ಎಂದು ಹಾಳೆ ತೋರಿಸಿದರು.

ಆ ಚಪ್ಪಡಿಯನ್ನು ಕೂರಿಸಿದ್ದಕ್ಕೆ ನನ್ನ ಸೊಂಟ ಎರಡು ವಾರ ಹಿಡಿದುಕೊಂಡಿತ್ತು ಎಂದೆ. ಗಾರೆ ಕಟ್ಟಿದ್ದು ಬಿಡಿಸಿದರೆ ಕಲ್ಲು ಸೀಳಬಹುದು ಎಂದೆ. ಅದು ಸುಳ್ಳು, ನಿಧಾನವಾಗಿ ಬಿಡಿಸಿದರೆ ಸೀಳುವುದಿಲ್ಲ.

ನಾನು ಮಾತು ಮುಗಿಸುವಷ್ಟರಲ್ಲಿ ಒಬ್ಬಳು ಹೊರಗೆ ಹೋಗಿ ಹೊಂಗೆಮರದ ನೆರಳಿನ ಕೆಳಗೆ ರಂಗೋಲಿ ಪುಡಿಯಲ್ಲಿ ಐದಡಿಗೆ ಒಂದೂವರೆ ಅಡಿಯ ಚೌಕ ಬರೆದಿದ್ದಳು. ಮೂರನೆಯ ಮನೆಯ ಅಜ್ಜಿ ಆಗಲೇ ಅದರ ಪಕ್ಕ ನಿಂತಿದ್ದರು, ಕಾಲು ಇನ್ನೂ ಮುಂದಿಟ್ಟಿರಲಿಲ್ಲ. ನಾನು ಒಳಗೆ ಹೋಗಿ ಗಡಾರಿ ಮತ್ತು ಆ ನಾಲ್ಕು ಪೈಪು ತೆಗೆದುಕೊಂಡು ಬಂದೆ.